ಸಂದರ್ಭದ ಸಾಲು

ಫ್ಯಾನಿನ ಗಾಳಿಗೆ ಕಾರ್ಡಿನ ಮೂಲೆ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ, ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಸುಮ್ಮನಿರುತ್ತದೆ, ಬಿಟ್ಟರೆ ಮತ್ತೆ ಅದೇ ಚಾಳಿ — ಕಾಗದವನ್ನೇ ನಂಬಿ ಬದುಕುವ ಕಚೇರಿಯಲ್ಲಿ ಫ್ಯಾನನ್ನು ಈ ಪರಿ ಓಡಿಸುವವರಿಗೆ ಏನೆನ್ನಬೇಕು, ಮೂವತ್ತೊಂದು ವರ್ಷದಿಂದ ಹೇಳಿ ಹೇಳಿ ಅವನಿಗೆ ಬಾಯಿ ನೋವು ಬಂದದ್ದೇ ಬಂತು, ಸಂಪಾದಕರಿಗೆ ಸೆಕೆ, ಸಂಪಾದಕರಿಗೆ ಸೆಕೆಯಾದರೆ ಇಡೀ ನಿಘಂಟಿಗೇ ಸೆಕೆ. ಉದ್ದ ಮೇಜಿನ ಆ ತುದಿಯಲ್ಲಿ ಅವರು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ನಡುವೆ ಕಂಪ್ಯೂಟರಮ್ಮ, ಹಳೆಯ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲೆಂದು ಎರಡು ವರ್ಷದ ಹಿಂದೆ ಬಂದ ಹುಡುಗಿ, ಬಂದ ವಾರದಲ್ಲೇ ಆ ಹೆಸರು ಅಂಟಿತು, ಈ ತುದಿಯಲ್ಲಿ ಅವನು, ಎಲ್ಲರ ಬಾಯಲ್ಲೂ ಕಾರ್ಡು ಮೇಷ್ಟ್ರು. ಎತ್ತರ ಮುಗೀತೇನ್ರೀ, ಎಂದರು ಸಂಪಾದಕರು, ಮುಗೀತು ಸರ್, ಎತ್ತು ಕೂಡ ನಿನ್ನೆನೇ ಮುಗೀತು, ಎಂದಳು ಕಂಪ್ಯೂಟರಮ್ಮ, ಹಾಗಾದ್ರೆ ಎದುರಾಳಿಯಿಂದ ಹಿಡೀರಿ, ಎಂದರು — ಎದುರಾಳಿ, ಎದುರಿಸು, ಎದುರು, ಎದೆ, ಎದೆಗಾರ, ಎದೆಗಾರಿಕೆ, ಎದೆಗುಂದು, ಅವನು ಮೇಜಿನ ಕೆಳಗೆ ಬೆರಳು ಮಡಿಚಿ ಎಣಿಸಿದ, ಏಳು, ಏಳು ಪದ ದಾಟಿದರೆ ಅದು. ಎದೆಗೆಡು. ಒಂದೊಂದಕ್ಕೆ ಐದು ನಿಮಿಷವೆಂದರೂ ಮುಕ್ಕಾಲು ಗಂಟೆಯೂ ಇಲ್ಲ, ಅಷ್ಟರೊಳಗೆ ಈ ಕಾರ್ಡನ್ನು ಮುಂದಿಡಬೇಕು, ಇಲ್ಲವೇ ಮತ್ತೆ ಜೇಬಿಗೆ ತುರುಕಬೇಕು, ತುರುಕಿದರೆ ಆ ಪದಕ್ಕೆ ಹೂವು ಬೀಳುತ್ತದೆ, ಅಷ್ಟೇ. ಹೂವು ಎಂದರೆ ಪದದ ನೆತ್ತಿಯ ಮೇಲೆ ಅಚ್ಚು ಹಾಕುವ ಪುಟ್ಟ ನಕ್ಷತ್ರ, ಈಗ ಬಳಕೆಯಲ್ಲಿಲ್ಲ ಎಂಬ ಗುರುತು, ಐವತ್ತು ವರ್ಷದಿಂದ ಯಾರೂ ಬರೆದ ದಾಖಲೆ ಇಲ್ಲ, ಯಾರೂ ಆಡಿದ ದಾಖಲೆ ಇಲ್ಲ ಎಂದಾದರೆ ಹೂ ಇಟ್ಟುಬಿಡಿ ಎನ್ನುತ್ತಾರೆ ಇಲ್ಲಿ, ಯಾರು ಶುರು ಮಾಡಿದ ತಮಾಷೆಯೋ, ಅವನೇ ಇರಬೇಕು, ಪ್ರಾಯದಲ್ಲಿ ಇಂಥವೆಲ್ಲ ಅವನಿಗೆ ನಾಲಿಗೆ ತುದಿಯಲ್ಲೇ ಇರುತ್ತಿದ್ದವು, ಇವತ್ತು ನಾಲ್ಕು ಜನಕ್ಕೆ ಹೂ ಇಟ್ಟೆ ಎಂದು ಸಂಜೆ ಅಕ್ಕನ ಮನೆಗೆ ಹೋಗಿ ಹೇಳಿದರೆ ಅಕ್ಕ ಹೊಲಿಗೆ ಮಿಷನ್ನು ನಿಲ್ಲಿಸಿ ನಗುತ್ತಿದ್ದಳು, ಪಾಪಿ ಕಣೋ ನೀನು, ಗುಬ್ಬಿ. ಅಕ್ಕನಿಗೆ ಹೂ ಇಟ್ಟು ಬಂದ ದಿನದಿಂದ ಆ ಮಾತು ಅವನ ಬಾಯಿಂದ ಬರಲಿಲ್ಲ. ಒಂದೇ ಒಂದು ಮಾತಿನ ಕಾರ್ಡು ಸಿಕ್ಕರೂ ಸಾಕು, ಬದುಕಿದವರು ಯಾರೋ ಬಾಯಿಬಿಟ್ಟು ಆ ಪದ ಆಡಿದ್ದನ್ನು ಕೇಳಿ ಬರೆದುಕೊಂಡ ಕಾರ್ಡು, ಹೂವು ತಪ್ಪುತ್ತದೆ. ಆ ಕಾರ್ಡು ಅವನ ಹೆಬ್ಬೆರಳಿನ ಕೆಳಗೆ ಇದೆ, ನಾಲ್ಕು ವರ್ಷದಿಂದ ಇದೆ, ಮೊದಲು ಡೈರಿಯಲ್ಲಿ, ಆಮೇಲೆ ಡ್ರಾಯರಿಗೆ ಹಾಸಿದ ಕಾಗದದ ಅಡಿಯಲ್ಲಿ, ಇವತ್ತು ಬೆಳಿಗ್ಗೆಯಿಂದ ಅಂಗಿಯ ಜೇಬಿನಲ್ಲಿ.

ಕಾರ್ಡಿನಲ್ಲಿ ಐದು ಸಾಲು, ಪದ, ಅರ್ಥ, ಪ್ರಯೋಗ, ಆಡಿದವರು, ಸಂದರ್ಭ, ನಾಲ್ಕು ತುಂಬಿವೆ, ಐದನೆಯದು ಖಾಲಿ. ಸಂದರ್ಭವಿಲ್ಲದ ಕಾರ್ಡನ್ನು ಪೆಟ್ಟಿಗೆಗೆ ಹಾಕುವಂತಿಲ್ಲ, ಈ ನಿಯಮ ತಂದವನೂ ಅವನೇ, ಇಪ್ಪತ್ತು ವರ್ಷದ ಹಿಂದೆ, ಮೇಜು ಕುಟ್ಟಿ ವಾದಿಸಿ ತಂದದ್ದು, ಯಾರು ಆಡಿದರು ಅನ್ನೋದಷ್ಟೇ ಸಾಲದು ಸರ್, ಯಾಕೆ ಆಡಿದರು ಅಂತ ಗೊತ್ತಾಗದಿದ್ದರೆ ಅದು ಮಾತಲ್ಲ, ಬರೀ ಸದ್ದು, ಎಂದು ದೊಡ್ಡ ಗಂಟಲಿನಲ್ಲಿ — ಈಗ ಆ ಗಂಟಲು ನೆನೆದರೆ ಮೈ ಹಿಡಿಯಾಗುತ್ತದೆ. ಎದುರಾಳಿ ಆಯಿತು, ಎದುರಿಸು ನಡೆದಿದೆ, ಸಂಪಾದಕರು ಏನೋ ಕೇಳಿದರು, ಹೂಂ ಸರ್ ಎಂದ, ಏನು ಕೇಳಿದರೋ ಏನೋ, ಕಂಪ್ಯೂಟರಮ್ಮನ ಕೀಲಿಗಳು ಟಕಟಕ ಎಂದವು, ಹಾಗಾದರೆ ಹೂಂ ಅಂದದ್ದು ಸರಿಯೇ ಇರಬೇಕು. ಎದೆಗುಂದು, ಎದೆಗೆಡು ಎರಡೂ ಒಂದೇ ಅಲ್ವೇನ್ರೀ, ಎಂದು ಸಂಪಾದಕರು ಕೇಳುವುದು ಖಂಡಿತ, ಕೇಳಲಿ, ಒಂದೇ ಅಲ್ಲ, ಅದಕ್ಕೆ ಉತ್ತರ ಇದೆ ಅವನ ಹತ್ತಿರ, ಕುಂದಿದ್ದು ಮತ್ತೆ ತುಂಬಿಕೊಳ್ಳುತ್ತದೆ ಸರ್, ಇವತ್ತು ಕುಂದಿದ ಧೈರ್ಯ ನಾಳೆ ಬಂದೀತು, ಕೆಟ್ಟದ್ದು ಹಾಗಲ್ಲ, ಹಾಲು ಕೆಟ್ಟ ಮೇಲೆ ಏನು ಮಾಡಿದರೂ ಹಾಲಾಗುತ್ತದೆಯೇ, ಎದೆ ಕೆಡುವುದೂ ಹಾಗೇ, ಒಳಗಿನಿಂದಲೇ ಒಡೆದುಹೋಗುವುದು, ಅದಕ್ಕೇ ಹಳಬರು ಆ ಪದವನ್ನು ಸುಮ್ಮಸುಮ್ಮನೆ ಬಳಸುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಆ ಪದದ ಹನ್ನೆರಡು ಕಾರ್ಡುಗಳಿವೆ, ಎಲ್ಲ ಹಳೆಯವು, ಅಂಚು ಹಳದಿಗಟ್ಟಿದವು, ಹನ್ನೆರಡನ್ನೂ ಅವನು ಬಾಯಿಪಾಠ ಒಪ್ಪಿಸಬಲ್ಲ, ಎದೆಗೆಡಬೇಡ, ಎದೆಗೆಡದಿರು, ಎದೆಗೆಡದೆ ನಿಂತರು, ಎದೆಗೆಟ್ಟ ಪಡೆ ಓಡಿತು, ಹೀಗೇ, ಒಂದೋ ಬೇರೆಯವರಿಗೆ ಹೇಳುವ ಬುದ್ಧಿಮಾತು, ಇಲ್ಲವೋ ಸೋತವರ ಮೇಲೆ ಹಾಕುವ ದೂರು. ನಾನು ಎದೆಗೆಟ್ಟೆ ಎಂದು ತನ್ನ ಬಾಯಿಂದ ತಾನೇ ಹೇಳಿಕೊಂಡ ಒಬ್ಬ ನರಪಿಳ್ಳೆಯೂ ಆ ಹನ್ನೆರಡರಲ್ಲಿ ಇಲ್ಲ, ಯಾರು ಹೇಳಿಕೊಳ್ಳುತ್ತಾರೆ ಹೇಳಿ, ತಲೆನೋವು ಎನ್ನುತ್ತಾರೆ, ನಿದ್ದೆ ಇಲ್ಲ ಎನ್ನುತ್ತಾರೆ, ಮೆಟ್ಟಿಲು ಜಾಸ್ತಿಯಾಯಿತು ಎನ್ನುತ್ತಾರೆ. ಅವನು ಆ ಪದ ಮೊದಲು ಕೇಳಿದ್ದು ಯಾವ ಪುಸ್ತಕದಿಂದಲೂ ಅಲ್ಲ, ಆರನೆಯ ವಯಸ್ಸಿನಲ್ಲಿ, ನದಿಯ ಮೇಲಿನ ಕಬ್ಬಿಣದ ಕಾಲುಸೇತುವೆಯ ಬಾಯಲ್ಲಿ ನಿಂತು, ಹಲಗೆ ಹಲಗೆಯ ನಡುವೆ ಸಂದು, ಸಂದಿನಲ್ಲಿ ಕೆಳಗೆ ಓಡುವ ನೀರು, ಶಾಲೆ ಆಚೆ ದಡದಲ್ಲಿ, ಅವನು ಕಂಬ ತಬ್ಬಿ ನಿಂತವನು ಬಿಡಲೊಲ್ಲ, ಹಿಂದಿನಿಂದ ಬಂದ ದೊಡ್ಡವರೆಲ್ಲ ನಕ್ಕು ದಾಟಿ ಹೋಗುತ್ತಿದ್ದಾರೆ, ಹನ್ನೊಂದು ವರ್ಷದ ಅಕ್ಕ ಎರಡೂ ಪಾಟೀಚೀಲ ಕುತ್ತಿಗೆಗೆ ಹಾಕಿಕೊಂಡು ಅವನೆದುರು ಬಂದು ಎರಡೂ ಕೈ ಹಿಡಿದಳು, ಎದೆಗೆಡಬೇಡ ಗುಬ್ಬಿ, ಕೆಳಗೆ ನೋಡಬೇಡ, ನನ್ನ ಮುಖ ನೋಡು, ಮುಖ ನೋಡ್ಕೊಂಡು ಬಾ. ಅಜ್ಜಿಯಿಂದ ಕಲಿತ ಮಾತು, ಅಜ್ಜಿ ಹೋದ ಮೇಲೆ ಅದನ್ನು ಆಡುತ್ತಿದ್ದವಳು ಅಕ್ಕನೊಬ್ಬಳೇ, ಪರೀಕ್ಷೆಗೆ ಹೊರಟಾಗ, ಅವನಿಗೆ ಗಂಟಲಿನ ಆಪರೇಷನ್ ಆದಾಗ, ಕೆಲಸದ ಸಂದರ್ಶನದ ಬಾಗಿಲಲ್ಲಿ, ಹೆಂಡತಿ ಬಿಟ್ಟುಹೋದ ವರ್ಷ, ಎದೆಗೆಡಬೇಡ ಗುಬ್ಬಿ. ಮುಖ ನೋಡಿಕೊಂಡೇ ದಾಟಿದ ಅವನು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮೂಗಿನ ಮೇಲೆ ಬೆವರು, ಸೇತುವೆ ಉದ್ದಕ್ಕೂ ಅಕ್ಕ ಹಿಮ್ಮುಖವಾಗಿ ನಡೆದಳು, ಅವನ ಕೈ ಹಿಡಿದು ಹಿಂದೆ ಹಿಂದಕ್ಕೆ ಹೆಜ್ಜೆ ಇಡುತ್ತ, ಅವಳ ಕಾಲ ಕೆಳಗೆ ಹಲಗೆ ಇದೆಯೋ ಸಂದಿದೆಯೋ ಅವಳಿಗೆ ಕಾಣುತ್ತಲೇ ಇರಲಿಲ್ಲ. ಅದು ಅವನಿಗೆ ಹೊಳೆದದ್ದು ಐವತ್ತು ವರ್ಷ ಕಳೆದ ಮೇಲೆ, ಹೊಳೆದಾಗ ಹೇಳಲು ಅಕ್ಕ ಇರಲಿಲ್ಲ.

ಎದೆ, ಎಂದಳು ಕಂಪ್ಯೂಟರಮ್ಮ, ಇದಕ್ಕೆ ಹದಿನೆಂಟು ಅರ್ಥ ಇದೆ ಸರ್, ಹದಿನೆಂಟೂ ಬೇಕಾ, ಬೇಕಮ್ಮಾ, ನಿಂದೇನು ಗಂಟು ಹೋಗುತ್ತೆ, ಎಂದರು ಸಂಪಾದಕರು, ಗಂಟು, ಗಂಟು ಎಂಬ ಪದ ಕಿವಿಗೆ ಬಿದ್ದರೆ ಸಾಕು ಈಗ ಅವನಿಗೆ ಮುಂದಿನ ಮಾತು ಕೇಳಿಸುವುದಿಲ್ಲ — ಅಕ್ಕನ ಹೊಟ್ಟೆಯಲ್ಲಿ ಇದ್ದದ್ದೂ ಗಂಟೇ, ಅವಳ ಬಾಯಲ್ಲಿ ಆ ಕಾಯಿಲೆಗೆ ಇದ್ದ ಹೆಸರು ಅಷ್ಟೇ. ನಾಲ್ಕು ವರ್ಷದ ಹಿಂದಿನ ಒಂದು ಮಂಗಳವಾರ, ಮಧ್ಯಾಹ್ನ ಒಂದೂವರೆ, ಎಲ್ಲರೂ ಊಟಕ್ಕೆ ಇಳಿದಿದ್ದರು, ಅವನೊಬ್ಬನೇ ಇದೇ ಮೇಜಿನ ಇದೇ ತುದಿಯಲ್ಲಿ ಡಬ್ಬಿ ತೆರೆಯದೆ ಕಾರ್ಡು ಜೋಡಿಸುತ್ತ ಕೂತಿದ್ದ, ಬಾಗಿಲಲ್ಲಿ ನೆರಳಾಯಿತು, ತಲೆ ಎತ್ತಿದರೆ ಅಕ್ಕ. ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಈ ಕಚೇರಿಯ ಮೆಟ್ಟಿಲು ತುಳಿಯದವಳು, ನಿಮ್ಮ ಆ ಪೆಟ್ಟಿಗೆಗಳ ಗೋದಾಮಿಗೆ ನಾನ್ಯಾಕೆ ಬರಲಿ ಎನ್ನುತ್ತಿದ್ದವಳು, ಮೂರು ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದಾಳೆ, ಹೊಲಿಗೆ ಶಾಲೆಯಲ್ಲಿ ಪಾಠ ಇರುವ ಹೊತ್ತಿನಲ್ಲಿ, ಇಷ್ಟು ಸಾಲದೇನೋ ಮಂಕೇ, ಇಷ್ಟರಲ್ಲೇ ಗೊತ್ತಾಗಬಾರದೇನೋ ನಿನಗೆ — ಗೊತ್ತಾಗಲಿಲ್ಲ, ಬಾ ಅಕ್ಕ, ಏನಿವತ್ತು ಸೂರ್ಯ ಯಾವ ಕಡೆ ಹುಟ್ಟಿದ, ಎಂದು ಹಲ್ಲು ಕಿರಿದ. ಅಕ್ಕ ಎದುರಿನ ಕುರ್ಚಿಯಲ್ಲಿ ಕೂತಳು, ಈಗ ಸಂಪಾದಕರ ಬೆತ್ತದ ಪೆಟ್ಟಿಗೆ ಇಟ್ಟಿರುವ ಆ ಕುರ್ಚಿಯಲ್ಲೇ, ತನ್ನ ಕಂದು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಅದರ ಜಿಪ್ಪು ಕೆಟ್ಟು ಯಾವ ಕಾಲವಾಯಿತೋ, ಕೇರಿಯವರ ಜಿಪ್ಪನ್ನೆಲ್ಲ ಸರಿಮಾಡಿಕೊಡುವ ಹೊಲಿಗೆ ಟೀಚರು ತನ್ನ ಬ್ಯಾಗಿಗೆ ಒಂದು ಪಿನ್ನು ಚುಚ್ಚಿ ದಿನ ದೂಡುತ್ತಿದ್ದಳು, ನೀರು ಕುಡೀತೀಯಾ ಎಂದ, ಬೇಡ ಎಂದಳು, ಕಿಟಕಿ ನೋಡಿದಳು, ಗೋಡೆ ಪೂರಾ ಇರುವ ಪೆಟ್ಟಿಗೆಗಳನ್ನು ನೋಡಿದಳು, ಇಷ್ಟೊಂದು ಪದಾನಾ ಎಂದಳು, ಆಮೇಲೆ ಅವನನ್ನು ನೋಡಿ, ಯಾಕೋ ನಾನು ಎದೆಗೆಟ್ಟುಬಿಟ್ಟೆ ಕಣೋ ಗುಬ್ಬಿ, ಎಂದಳು. ದೇವರೇ, ಆ ಕ್ಷಣ ಅವನಿಗೆ ಆದದ್ದು ಖುಷಿ. ಬೇರೆ ಏನೂ ಅಲ್ಲ, ಖುಷಿ, ಮೈಯೆಲ್ಲ ಜುಂ ಎಂದಿತು, ಹನ್ನೆರಡು ಕಾರ್ಡಿನಲ್ಲಿ ಇಲ್ಲದ್ದು, ಯಾವ ಪುಸ್ತಕದಲ್ಲೂ ಸಿಗದ್ದು, ನಾನು ಎಂದು ಶುರುವಾಗಿ ಕಿವಿಯ ಎದುರೇ ಬಿದ್ದಿದೆ, ಇರು ಇರು, ಇರು ಅಕ್ಕ, ಅದೇ ಮಾತು ಇನ್ನೊಂದ್ಸಲ ಹೇಳು, ಹಾಗೇ ಹೇಳು, ಎನ್ನುತ್ತ ಖಾಲಿ ಕಾರ್ಡು ಎಳೆದುಕೊಂಡ, ಜೇಬಿನ ಪೆನ್ನು ತೆಗೆದು ಗೀಚಿದ, ಬರೆಯಲಿಲ್ಲ, ಕಾರ್ಡಿನ ಹಿಂಬದಿಗೆ ಸುತ್ತ ಸುತ್ತ ಉಜ್ಜಿದ, ಥತ್, ಇದರ ಮನೆ ಹಾಳಾಗ, ಅಂಗೈಗೆ ಕುಟ್ಟಿದ, ಬಾಯಿಂದ ಊದಿದ, ತಲೆ ಎತ್ತಿ ನೋಡಿದರೆ ಅಕ್ಕ ಬ್ಯಾಗಿನ ಪಿನ್ನು ಬಿಚ್ಚಿ, ಹೊಲಿಗೆಯವರ ಅಭ್ಯಾಸ, ತುಟಿಗಳ ನಡುವೆ ಕಚ್ಚಿಕೊಂಡಿದ್ದಾಳೆ, ಬಲಗೈ ಮಣಿಕಟ್ಟಿನವರೆಗೆ ಬ್ಯಾಗಿನೊಳಗೆ ಹೋಗಿದೆ, ಹೋದದ್ದು ಅಲ್ಲೇ ನಿಂತಿದೆ, ಅವಳು ಅವನನ್ನೇ ನೋಡುತ್ತಿದ್ದಾಳೆ, ಅವನ ಕೈಯ ಸತ್ತ ಪೆನ್ನನ್ನು ನೋಡುತ್ತಿದ್ದಾಳೆ. ಎಷ್ಟು ಹೊತ್ತು, ಎರಡು ಉಸಿರು, ಮೂರು. ಆಮೇಲೆ ಕೈ ಹೊರಗೆ ಬಂತು, ಕೈಯಲ್ಲಿ ಪೆನ್ನು. ನೀಲಿ ಪೆನ್ನು, ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆಯಾದದ್ದು, ತಗೋ, ಎಂದಳು ಪಿನ್ನು ತೆಗೆದು. ಅವನು ಬರೆದುಕೊಂಡ, ಒಂದು ಅಕ್ಷರ ತಪ್ಪದೆ, ಯಾಕೋ ನಾನು ಎದೆಗೆಟ್ಟುಬಿಟ್ಟೆ ಕಣೋ ಗುಬ್ಬಿ, ಆಡಿದವರು ಅಕ್ಕ, ಮಸಿ ಒಣಗಲೆಂದು ಊದುತ್ತ, ಕೆಳಗೆ ಕಾರ್ಡನ್ನೇ ನೋಡುತ್ತ, ಸಂದರ್ಭಕ್ಕೆ ಏನು ಹಾಕ್ಲಿ, ಯಾಕೆ, ಏನಾಯ್ತು, ಎಂದ. ಕೆಳಗೆ ನೋಡುತ್ತಲೇ ಕೇಳಿದ ಅವನು. ಏನಿಲ್ಲ ಬಿಡೋ, ನಿಮ್ಮ ಈ ಮೆಟ್ಟಿಲು ಹತ್ತೋ ಹೊತ್ತಿಗೆ ಜೀವ ಬಾಯಿಗೆ ಬಂತು, ಎಂದಳು ಅಕ್ಕ, ನಗುತ್ತಲೇ ಎಂದಳು, ನನ್ನ ಹೆಸರು ನಿನ್ನ ಪುಸ್ತಕದಲ್ಲಿ ಬರುತ್ತೇನೋ, ಹೆಸರು ಬರಲ್ಲ, ಅಕ್ಕ ಅಂತ ಬರುತ್ತೆ, ಎಂದ ಅವನು, ಅಷ್ಟೇ ಸಾಕು ಬಿಡು, ಎಂದಳು, ಸುಮ್ನೆ ಈ ಕಡೆ ಬಂದಿದ್ದೆ, ಊಟ ಮಾಡು, ಡಬ್ಬಿ ಆರಿಹೋಗಿರುತ್ತೆ. ಪಿನ್ನು ಚುಚ್ಚಿಕೊಂಡು ಎದ್ದಳು. ಪೆನ್ನು ವಾಪಸು ಕೇಳಲಿಲ್ಲ, ಅವನೂ ಕೊಡಲಿಲ್ಲ, ಮೆಟ್ಟಿಲಿನವರೆಗಾದರೂ ಹೋಗಿ ಬಿಟ್ಟು ಬಂದನೇ ಎಂದರೆ ಅದೂ ಇಲ್ಲ, ಅವಳ ಚಪ್ಪಲಿಯ ಸದ್ದು ಇಳಿಯುತ್ತಿರುವಾಗ ಅವನು ಕಾರ್ಡನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದುತ್ತಿದ್ದ.

ಅವತ್ತೇ ಆ ಕಾರ್ಡನ್ನು ಪೆಟ್ಟಿಗೆಗೆ ಹಾಕಬಹುದಿತ್ತು, ಮೆಟ್ಟಿಲು ಹತ್ತಿ ಬಂದಾಗ ಎಂದು ಗೀಚಿದ್ದರೆ ಮುಗಿಯುತ್ತಿತ್ತು, ಯಾಕೋ ಕೈ ಬರಲಿಲ್ಲ, ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತದೆ, ಏದುಸಿರು ಬರುತ್ತದೆ, ಎದೆ ಕೆಡುವುದಿಲ್ಲ, ಅರ್ಥ ಕೂರುತ್ತಿಲ್ಲ, ಭಾನುವಾರ ಅಕ್ಕನ ಮನೆಗೆ ಹೋದಾಗ ಇನ್ನೊಮ್ಮೆ ಕೇಳಿದರಾಯಿತು ಎಂದುಕೊಂಡ — ನೋಡಿ ಇವನ ಬುದ್ಧಿ, ಅರ್ಥ ಕೂರುತ್ತಿಲ್ಲ ಎಂಬುದು ಹೊಳೆಯಿತು, ಅಕ್ಕ ಸುಳ್ಳು ಹೇಳಿದಳು ಎಂಬುದು ಹೊಳೆಯಲಿಲ್ಲ. ಭಾನುವಾರ ಮಳೆ, ಹೋಗಲಿಲ್ಲ. ಮುಂದಿನ ಭಾನುವಾರ ಏನೋ ಒಂದು. ಅಕ್ಕನೂ ಫೋನಿನಲ್ಲಿ ಎಂದಿನ ಹಾಗೇ, ಉಂಡ್ಯಾ, ಮಲಗಿದ್ಯಾ, ಅಂಗಿ ಗುಂಡಿ ಹಾಕಿಕೊಡ್ತೀನಿ ತಗೊಂಡು ಬಾ. ಎದೆಗಾರ ಬಂತು, ಎದೆಗಾರಿಕೆ ಬಂತು, ಸಂಪಾದಕರು ಎರಡಕ್ಕೂ ಉದಾಹರಣೆ ಜಾಸ್ತಿಯಾಯಿತು ಎಂದು ಗೊಣಗುತ್ತಿದ್ದಾರೆ, ಎಲ್ಲರೂ ಧೈರ್ಯವಂತರೇ ಈ ಲೋಕದಲ್ಲಿ, ಒಂದು ನಾಲ್ಕು ಕಡಿಮೆ ಮಾಡ್ರೀ ಮೇಷ್ಟ್ರೇ, ಮಾಡ್ತೀನಿ ಸರ್. ಆ ಮಂಗಳವಾರ ಕಳೆದು ಐದು ತಿಂಗಳಿಗೆ ಅಕ್ಕನ ಮಗಳು ಫೋನು ಮಾಡಿದಳು, ಮಗು ಹುಟ್ಟಿ ಮೂರು ತಿಂಗಳಾಗಿತ್ತು ಅವಳಿಗೆ, ಮಾವ, ಅಮ್ಮ ಸ್ಕೂಲಲ್ಲಿ ಬಿದ್ದುಬಿಟ್ಳಂತೆ, ಬೇಗ ಬಾ ಮಾವ. ಅವನು ಹೋದ, ಆಮೇಲಿನ ಮೂರು ತಿಂಗಳು ಅವನು ಎಲ್ಲಿಗೂ ಹೋಗಲಿಲ್ಲ, ಆ ಆಸ್ಪತ್ರೆಯ ಬೆಂಚು ಬಿಟ್ಟು, ರಜೆಯೆಲ್ಲ ತೀರಿ ಸಂಬಳವಿಲ್ಲದ ರಜೆ, ಆಗ ಇತ್ತು ನೋಡಿ ಪುರುಸೊತ್ತು. ಮೊದಲೇ ಗೊತ್ತಿತ್ತಲ್ಲ ಇವರಿಗೆ, ಆಪರೇಷನ್ನಿಗೆ ತಾರೀಖೂ ಗೊತ್ತುಮಾಡಿ ಕೊಟ್ಟಿದ್ವಿ, ಬರಲೇ ಇಲ್ಲ, ಎಂದರು ಡಾಕ್ಟರು, ಆಗಲೇ ಗಂಟು ತೆಗೆದಿದ್ದರೆ, ಎಂದು ಅಲ್ಲಿಗೇ ನಿಲ್ಲಿಸಿದರು, ಡಾಕ್ಟರು ಒಳ್ಳೆಯವರು, ಮುಂದಿನದನ್ನು ಹೇಳಲಿಲ್ಲ. ಅಕ್ಕನನ್ನು ಅವನು ಕೇಳಿದ, ಯಾಕಕ್ಕ ಹೋಗಲಿಲ್ಲ, ಅಯ್ಯೋ ಬಿಡೋ, ಒಬ್ಬಳೇ ಹೋಗೋಕೆ ಯಾಕೋ ಕಾಲೇ ಬರಲಿಲ್ಲ, ಬಸುರಿ ಹುಡುಗಿಗೆ ಹೇಳಿ ಗಾಬರಿ ಮಾಡೋದಾ, ಆಮೇಲೆ ಹೋದರಾಯ್ತು ಅಂತ ಮಾಡಿದೆ, ಎಂದಳು, ನನಗೆ ಹೇಳಬಾರದಿತ್ತಾ, ಎಂದ, ಅಕ್ಕ ಅವನ ಕೈಯನ್ನು ಹಾಸಿಗೆಯ ಅಂಚಿಗೆ ಎಳೆದುಕೊಂಡಳು, ತೋಳಿನ ಗುಂಡಿ ನೋಡಿದಳು, ಇದು ಬೇರೆ ಬಣ್ಣದ ದಾರ, ಯಾರು ಹಾಕಿದ್ದು ಇದನ್ನ, ಎಂದಳು. ಅಷ್ಟೇ ಅಂದದ್ದು. ಎಲ್ಲ ಮುಗಿದು ಹದಿನೈದು ದಿನಕ್ಕೆ ಅಕ್ಕನ ಮಗಳು ಆ ಕಂದು ಬ್ಯಾಗನ್ನು ತಂದು ಅವನ ಮುಂದೆ ಇಟ್ಟಳು, ಮಾವ, ಇದರಲ್ಲಿ ನಿನ್ನ ಹೆಸರಿಂದು ಏನೋ ಇದೆ, ನೀನೇ ನೋಡು. ಅಳತೆ ಟೇಪು, ಮೂರು ಬಾಬಿನ್, ಬೆರಳ ಟೋಪಿ, ಪುಡಿಯಾದ ಬಿಸ್ಕತ್ತು, ನಾಲ್ಕಾಗಿ ಮಡಿಚಿದ ಒಂದು ಕಾಗದ, ಆಸ್ಪತ್ರೆಗೆ ಸೇರುವಾಗ ತುಂಬುವ ಫಾರಮ್ಮು. ದಿನಾಂಕ, ಆ ಮಂಗಳವಾರದ ಮುಂದಿನ ಸೋಮವಾರದ್ದು. ರೋಗಿಯ ಹೆಸರು, ವಯಸ್ಸು, ಎಲ್ಲ ದುಂಡಗೆ ತುಂಬಿದ್ದಾಳೆ, ಹೊಲಿಗೆಯಷ್ಟೇ ಅಚ್ಚುಕಟ್ಟು ಅವಳ ಅಕ್ಷರ, ಕೆಳಗೆ, ಜೊತೆಯಲ್ಲಿ ಇರುವವರು, ಎಂಬಲ್ಲಿ ಅವನ ಹೆಸರು, ಸಂಬಂಧ, ಎಂಬಲ್ಲಿ ತಮ್ಮ. ನೀಲಿ ಮಸಿ, ಅದೇ ಪೆನ್ನಿನದು. ಕೇಳುವ ಮೊದಲೇ ಬರೆದುಕೊಂಡು ಬಂದಿದ್ದಳು, ಅವನು ಬಂದೇ ಬರುತ್ತಾನೆ ಎಂದು ಅಷ್ಟು ನಂಬಿಕೆ, ಕೈ ಬ್ಯಾಗಿನೊಳಗೆ ಹೋದದ್ದು ಈ ಕಾಗದಕ್ಕೆ, ಪೆನ್ನಿಗಲ್ಲ. ಅವನು ಫಾರಮ್ಮನ್ನು ಮಡಿಚಿ ಮತ್ತೆ ಬ್ಯಾಗಿಗೇ ಇಟ್ಟು ಪಿನ್ನು ಚುಚ್ಚಿದ, ಪಿನ್ನು ಬೆರಳಿಗೆ ಚುಚ್ಚಿತು.

ಎದೆಗುಂದು ಕೂಡ ಆಯ್ತಲ್ಲ, ಮುಂದೆ ಏನಿದೆ, ಎದೆಗೆಡು, ಎಂದರು ಸಂಪಾದಕರು, ಎರಡೂ ಒಂದೇ ಅಲ್ವೇನ್ರೀ ಮೇಷ್ಟ್ರೇ, ಎದೆಗುಂದು ನೋಡಿ ಅಂತ ಒಂದು ಸಾಲು ಹಾಕಿ ಹೂ ಇಟ್ಟುಬಿಡೋಣ, ಈಗ ಯಾರು ಅಂತಾರೆ ಈ ಮಾತನ್ನ — ಉತ್ತರ ತಯಾರಿತ್ತಲ್ಲ, ಹಾಲು, ಕುಂದುವುದು, ಕೆಡುವುದು, ಎಲ್ಲಿ ಹೋಯಿತು, ಹೆಬ್ಬೆರಳು ಕಾರ್ಡನ್ನು ಒತ್ತಿಕೊಂಡೇ ಇದೆ, ಸುಮ್ಮನಿದ್ದುಬಿಡು, ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಒಂದು ಪದಕ್ಕೆ ಹೂ ಬಿದ್ದರೆ ಆಕಾಶವೇನು ಕಳಚಿ ಬೀಳುವುದಿಲ್ಲ, ಮುಂದಿನ ವಾರ ಏ ಅಕ್ಷರ ಶುರು, ಆಮೇಲೆ ಐ, ಒ, ಆಮೇಲೆ ನಿವೃತ್ತಿ. ಇದೆ ಸರ್, ಒಂದು ಮಾತಿನ ಕಾರ್ಡಿದೆ, ಎಂದ. ಯಾರ ಧ್ವನಿಯೋ ಎಂಬಂತೆ ಕೇಳಿತು. ಅಯ್ಯ, ಇಷ್ಟು ದಿನ ಎಲ್ಲಿಟ್ಟಿದ್ರಿ, ಓದ್ರೀ ಓದ್ರೀ, ಎಂದರು ಸಂಪಾದಕರು, ಕನ್ನಡಕ ಮೇಲೇರಿಸಿ. ಅವನು ಓದಿದ, ಪದ ಎದೆಗೆಡು, ಅರ್ಥ ಧೈರ್ಯ ಪೂರ್ತಿ ಕಳೆದುಕೊಳ್ಳು, ಪ್ರಯೋಗ, ಯಾಕೋ ನಾನು ಎದೆಗೆಟ್ಟುಬಿಟ್ಟೆ ಕಣೋ ಗುಬ್ಬಿ, ಗುಬ್ಬಿ ಎಂಬಲ್ಲಿ ಸಂಪಾದಕರಿಗೆ ನಗು ಬಂತು, ಗುಬ್ಬಿ ಯಾರ್ರೀ, ಎಂದರು, ಅವನು ಮುಂದಿನ ಸಾಲು ಓದಿದ, ಆಡಿದವರು ಅಕ್ಕ. ಬಹಳ ಚೆನ್ನಾಗಿದೆ ಕಣ್ರೀ, ನಾನು ಅಂತ ಬಂದಿರೋದು ಇದೊಂದೇ ಅಲ್ವಾ, ಎಂದು ಸಂಪಾದಕರು ಹಿಗ್ಗಿದರು, ಅವನು ಅವತ್ತು ಹಿಗ್ಗಿದ ಹಾಗೇ, ಅದೇ ಖುಷಿ, ಅದೇ ಹೊಳೆವ ಕಣ್ಣು, ಅವರ ಮುಖ ನೋಡಲಾಗದೆ ಅವನು ಕಿಟಕಿಯ ಕಡೆ ತಿರುಗಿದ. ಸಂದರ್ಭ ಏನು ಸರ್, ಎಂದಳು ಕಂಪ್ಯೂಟರಮ್ಮ, ಕೀಲಿಗಳ ಮೇಲೆ ಬೆರಳಿಟ್ಟು ಕಾಯುತ್ತ, ಖಾಲಿ ಇದ್ರೆ ಇದು ತಗೊಳ್ಳೋದೇ ಇಲ್ಲ ಸರ್, ನೀವೇ ಕಲಿಸಿದ್ದಲ್ವಾ, ಯಾಕೆ ಆಡಿದರು ಅಂತ ಗೊತ್ತಿಲ್ಲದಿದ್ರೆ ಬರೀ ಸದ್ದು ಅಂತ. ಹೌದಮ್ಮ, ನಾನೇ ಕಲಿಸಿದ್ದು, ಎರಡು ನಿಮಿಷ ಕೊಡು, ಎಂದ. ಜೇಬಿನಿಂದ ನೀಲಿ ಪೆನ್ನು ತೆಗೆದ, ಚಪ್ಪಟೆ ಮುಚ್ಚಳದ್ದು, ಎರಡು ಸಲ ರೀಫಿಲ್ಲು ಬದಲಾಗಿದೆ, ಬರೆಯುತ್ತದೆ, ನಾಲ್ಕು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ. ಐದನೆಯ ಸಾಲಿನಲ್ಲಿ ಬರೆದ, ಮೆಟ್ಟಿಲು. ಮೆಟ್ಟಿಲು ಹತ್ತಿ ಬಂದಾಗ, ಇದು ಸುಳ್ಳೇನಲ್ಲ, ಅಕ್ಕನೇ ಹೇಳಿದ್ದು, ಅವಳ ಬಾಯಿಂದ ಬಂದದ್ದು, ಕಾನೂನು ಪ್ರಕಾರ ಸರಿಯಾಗಿಯೇ ಇದೆ, ಮೂರೇ ಪದ, ಬರೆದು ದೂಡಿದರೆ ಪದವೂ ಉಳಿಯುತ್ತದೆ, ಅವನೂ ಉಳಿಯುತ್ತಾನೆ. ಹಾಗೆ ಬರೆದರೆ ಮುಂದೆ ಯಾರೋ ಓದುತ್ತಾರೆ, ಓಹೋ ಎದೆಗೆಡು ಎಂದರೆ ದಣಿ, ಏದುಸಿರು ಬಿಡು ಎಂದುಕೊಳ್ಳುತ್ತಾರೆ, ಅಕ್ಕ ಒಬ್ಬಳೇ ಮೂರು ಮಹಡಿ ಹೊತ್ತು ತಂದ ಭಯ ಬರೀ ಸುಸ್ತು ಎಂದು ಅಚ್ಚಾಗುತ್ತದೆ, ಲೋಕ ಇರುವವರೆಗೂ ಹಾಗೇ ಇರುತ್ತದೆ. ಇನ್ನೊಂದ್ಸಲ ಹೇಳು ಎಂದು ಕೇಳಿದೆಯಲ್ಲೋ, ಇನ್ನೊಂದು ಸಲ ಏನಾಯಿತು ಎಂದು ಕೇಳಿದೆಯಾ. ಮೆಟ್ಟಿಲು ಎಂಬುದರ ಮೇಲೆ ಗೆರೆ ಎಳೆದ. ಕಾರ್ಡಿನ ಮೇಲೆ ಕಾಟು ಹಾಕಬಾರದು, ಅದೂ ಅವನದೇ ನಿಯಮ, ಹೋಗಲಿ ಅತ್ತ. ಗೆರೆಯ ಪಕ್ಕ ಉಳಿದ ಜಾಗದಲ್ಲಿ, ಚಿಕ್ಕ ಅಕ್ಷರದಲ್ಲಿ ಬರೆದ, ಬರೆದು ಕಂಪ್ಯೂಟರಮ್ಮನ ಕಡೆ ದೂಡಿದ.

ಮಾತಿನ ಕಾರ್ಡನ್ನು ಗಟ್ಟಿಯಾಗಿ ಓದಿ ಏರಿಸುವುದು ಇಲ್ಲಿನ ಪದ್ಧತಿ, ಅವಳು ಓದಿದಳು, ಸಂದರ್ಭ, ಆಪರೇಷನ್ನಿಗೆ ಜೊತೆಗೆ ಬಾ ಎಂದು ತಮ್ಮನನ್ನು ಕರೆಯಲು ಬಂದಾಗ, ಅವನು ಈ ಮಾತನ್ನು ಬರೆದುಕೊಳ್ಳುತ್ತಿದ್ದುದರಿಂದ — ಧ್ವನಿ ಸಣ್ಣದಾಯಿತು, ಅವಳಿಗೆ ಆಗಲೇ ಗೊತ್ತಾಯಿತೆಂದು ಕಾಣುತ್ತದೆ, ಆದರೂ ಸಾಲಿನ ಕೊನೆಯ ಪದವನ್ನೂ ಓದಿದಳು, ಕರೆಯಲಿಲ್ಲ. ಕೀಲಿಗಳು ಟಕಟಕ ಎನ್ನಲಿಲ್ಲ. ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಹೂ ಬೇಡಮ್ಮ, ಎಂದರು, ಈ ಪದ ಇದ್ದ ಹಾಗೇ ಇರಲಿ. ಉಳಿಯಿತು, ಪದ ಉಳಿಯಿತು, ಅಕ್ಕ ಎಂದೇ ಬರುತ್ತದೆ, ಅಷ್ಟೇ ಸಾಕು ಎಂದಿದ್ದಳಲ್ಲ, ಸಾಲದು ಅಕ್ಕ, ಏನೂ ಸಾಲದು, ಒಂದು ಸಲ ಹೇಳಬಾರದಿತ್ತೇನೇ, ಪೆನ್ನು ಕೊಡುವ ಬದಲು ಕಪಾಳಕ್ಕೊಂದು ಕೊಟ್ಟು ಹೇಳಬಾರದಿತ್ತೇ, ಎದೆಗೆಟ್ಟವರು ಹೇಗೆ ಹೇಳುತ್ತಾರೆ, ಇದ್ದ ಧೈರ್ಯವನ್ನೆಲ್ಲ ಕೂಡಿಸಿ ಒಂದು ಮಾತು ಹೇಳಿದ್ದಳು, ಅದನ್ನು ಅವನು ಕಾರ್ಡಿಗೆ ಇಳಿಸಿಕೊಂಡ, ಎರಡನೆಯ ಮಾತಿಗೆ ಅವಳಲ್ಲಿ ಏನೂ ಉಳಿದಿರಲಿಲ್ಲ. ಕುರ್ಚಿ ಸರಿದ ಸದ್ದು, ಸಂಪಾದಕರು ಎದ್ದರು, ಗೋಡೆಯ ಹತ್ತಿರ ಹೋದರು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವರೇ ತಮ್ಮ ಕೈಯಾರೆ ಫ್ಯಾನನ್ನು ಆರಿಸಿದರು, ರೆಕ್ಕೆಗಳು ಸುತ್ತಿ ಸುತ್ತಿ ನಿಧಾನವಾದವು, ನಿಂತವು, ಮೇಜಿನ ಮೇಲೆ ಕಾರ್ಡು ಅಲುಗದೆ ಬಿದ್ದಿದೆ, ಮೂಲೆ ಏಳುತ್ತಿಲ್ಲ, ಹೆಬ್ಬೆರಳಿಗೆ ಕೆಲಸವಿಲ್ಲ, ಮುಂದಿನ ಪದ ಯಾರೂ ಓದುತ್ತಿಲ್ಲ, ಎದುರಿನ ಕುರ್ಚಿ, ಕಂದು ಬ್ಯಾಗು, ಎದೆಗೆಡಬೇಡ, ಕೆಳಗೆ ನೋಡಬೇಡ, ನನ್ನ ಮುಖ ನೋಡು, ನೋಡುತ್ತಿದ್ದೇನೆ ಅಕ್ಕ, ಈಗ ನೋಡುತ್ತಿದ್ದೇನೆ, ತುಟಿಗಳ ನಡುವೆ ಪಿನ್ನು, ಮಣಿಕಟ್ಟಿನವರೆಗೆ ಒಳಗೆ ಹೋದ ಕೈ, ಹೋದದ್ದು ಅಲ್ಲೇ ನಿಂತಿದೆ, ಪಿನ್ನು, ಕೈ, ಕೈ ಇನ್ನೂ ಒಳಗೇ ಇದೆ, ಹೊರಗೆ ಬಂದಿಲ್ಲ, ಇನ್ನೂ ಬಂದಿಲ್ಲ —